ಎಡಗೈಗೆ ಸಿಕ್ಕ ಬಾಳೆಮೀನು

ಅವರ ಎಡಭುಜ ಬಲಭುಜಕ್ಕಿಂತ ಒಂದಿಷ್ಟು ಕೆಳಗೆ ಜೋತಿತ್ತು. ವರ್ಷಗಟ್ಟಲೆ ಬಸ್ಸಿನಲ್ಲಿ ಚರ್ಮದ ಚೀಲ ಹೊತ್ತು ಹಾಗಾಗಿತ್ತು. ನಾರಾಯಣಪೇಟೆಯ ನಮ್ಮ ಓಣಿಗೆಲ್ಲ ಅವರು ಕಂಡಕ್ಟರ್ ಮಾಮ. ನಿವೃತ್ತರಾದ ಮೇಲೆ ಅದೇ ಚೀಲದಲ್ಲಿ ಗಾಳ, ಎರೆಹುಳದ ಡಬ್ಬಿ ತುಂಬಿಕೊಂಡು, ಬೆಳಗಿನ ಬಸ್ಸು ಹತ್ತಿ, ಮಕ್ತಲ್ ದಾಟಿ ಕೃಷ್ಣಾ ನದಿಗೆ ಹೋಗುತ್ತಿದ್ದರು. ದಂಡೆಯಲ್ಲಿ ಕೂತು ನೀರಿನತ್ತ ಬಾಗಿ, "ಮುಂದಕ್ಕ ಸರೀರಿ, ಮುಂದ ಜಾಗಾ ಐತಿ" ಎಂದು ಮೀನುಗಳನ್ನು ಕರೆಯುತ್ತಿದ್ದರು.

ನಾನು ನೇಕಾರ. ಮೋಟಾರ್ ಸೈಕಲ್ಲಿನಿಂದ ಬಿದ್ದು ಬಲಗೈ ಬೆರಳುಗಳು ಸೋತ ವರ್ಷ ಮಗ್ಗದ ಕೋಣೆಗೆ ಬೀಗ ಹಾಕಿಬಿಟ್ಟೆ. ಹೆಂಡತಿ ಅನ್ನ ಕಲಸಿಕೊಟ್ಟರೆ ಸಿಟ್ಟು, ಕೊಡದಿದ್ದರೂ ಸಿಟ್ಟು. ಒಂದು ಮುಂಜಾನೆ ಮಾಮ ಬಾಗಿಲಲ್ಲಿ ನಿಂತರು.

"ಎಷ್ಟ್ ದಿನ ಗ್ವಾಡಿ ನೋಡ್ಕೊಂತ ಕುಂದರ್ತಿ? ನದಿ ನೋಡಾಕ ನಡಿ."

"ನನ್ನ ಕೈಲೆ ಏನಾಗತೈತಿ ಮಾಮ?"

"ಇನ್ನೊಂದು ಕೈ ಐತೆಲ್ಲ, ಅದನ್ನ ಕರ್ಕೊಂಡು ಬಾ."

ಎಡಗೈಯಲ್ಲಿ ಬೀಸಿದ ಮೊದಲ ಗಾಳ ನನ್ನ ಅಂಗಿಗೇ ಸಿಕ್ಕಿಕೊಂಡಿತು. ಮಾಮ ನಗಲಿಲ್ಲ. ಬಿಡಿಸಿ ಕೊಟ್ಟು, "ಇನ್ನೊಮ್ಮಿ" ಅಂದರು. ಅವರು ಹೇಳಿಕೊಟ್ಟದ್ದು ಅಷ್ಟೇ. ಆ ಮಳೆಗಾಲವೆಲ್ಲ ಅವರ ಜೊತೆ ಹೋದೆ. ಸಣ್ಣಪುಟ್ಟ ಮೀನು ಸಿಗುತ್ತಿದ್ದವು, ಬಹಳ ಸಲ ಏನೂ ಸಿಗುತ್ತಿರಲಿಲ್ಲ. ಆದರೂ ಮನೆಗೆ ಬಂದಾಗ ಹಸಿವಾಗಿರುತ್ತಿತ್ತು.

ಮಳೆ ನಿಂತು ನೀರು ತಿಳಿಯಾದ ಮೇಲೆ ಒಂದು ದಿನ ನನ್ನ ಗಾಳದ ಕೋಲು ಬಿಲ್ಲಿನಂತೆ ಬಾಗಿತು. ದೊಡ್ಡ ಬಾಳೆಮೀನು. ಒಮ್ಮೆ ನೀರ ಮೇಲೆ ಬಂದು, ಉದ್ದ ಮೀಸೆಯ ಅಗಲ ಬಾಯಿ ತೋರಿಸಿ, ಮತ್ತೆ ಆಳಕ್ಕೆ ಎಳೆಯಿತು. ಕೋಲನ್ನು ಬಲಬಗಲಲ್ಲಿ ಒತ್ತಿಹಿಡಿದು ಎಡಗೈಯಿಂದ ದಾರ ಸುತ್ತುತ್ತಾ ನಾನು ಕೆಸರಿನಲ್ಲಿ ಜಾರುತ್ತಿದ್ದೆ.

"ಮಾಮ, ಹಿಡೀರಿ! ಹೋಗತೈತಿ!"

ಅವರು ಪಕ್ಕದಲ್ಲೇ ಕೈಕಟ್ಟಿ ನಿಂತಿದ್ದರು. "ನಾ ಹಿಡದ್ರ ಅದು ನನ್ನ ಮೀನಾಗತೈತಿ. ಹೋದ್ರ ಹೋಗಲಿ, ನೀನ ಎಳಿ."

ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಎಳೆದೆ. ದಾರ ಬಿಟ್ಟೆ, ಸುತ್ತಿದೆ, ಮತ್ತೆ ಬಿಟ್ಟೆ. ಕೊನೆಗೆ ಮೀನು ದಣಿದು ಮಗ್ಗುಲಾಗಿ ದಂಡೆಗೆ ಬಂತು. ನಾನು ಅದರ ಪಕ್ಕ ಕೂತು ಅತ್ತೆ. ಮಾಮ ಬೇರೆ ಕಡೆ ನೋಡುತ್ತಾ ಬೀಡಿ ಹಚ್ಚಿದರು.

ಮರುವಾರ ಬಡಿಗನನ್ನು ಕರೆಸಿ, ಲಾಳಿ ಎಳೆಯುವ ಹಗ್ಗವನ್ನು ಎಡಗೈಗೆ ಎಟುಕುವಂತೆ ಕಟ್ಟಿಸಿದೆ. ನೂಲನ್ನು ಒತ್ತಿ ಕೂರಿಸುವ ಹಣಿಗೆಯನ್ನು ಬಡಿಯುವುದನ್ನು ಬಲ ಮುಂಗೈಗೆ ಬಿಟ್ಟೆ. ಮೊದಲ ಸೀರೆಯ ಅಂಚು ಸೊಟ್ಟಾಯಿತು. ಮಾರಲು ಮನಸ್ಸಾಗದೆ ಅತ್ತೆಗೆ, ಅಂದರೆ ಮಾಮನ ಹೆಂಡತಿಗೆ, ಒಯ್ದುಕೊಟ್ಟೆ. ಮಾಮ ಆಕೆಗೆ ಅದನ್ನು ಉಡಿಸಿ, ಕರೆದುಕೊಂಡು ಅಂದೇ ಬಸ್ ನಿಲ್ದಾಣಕ್ಕೆ ಹೋಗಿ, ಹಳೆಯ ಗೆಳೆಯರನ್ನೆಲ್ಲ ನಿಲ್ಲಿಸಿ, "ನಮ್ಮ ಹುಡುಗ ನೇಯ್ದದ್ದು, ನೋಡ್ರೀ" ಎಂದು ತೋರಿಸಿ ಬಂದರಂತೆ.

ಕಳೆದ ಬೇಸಿಗೆಯಲ್ಲಿ ಮಾಮ ತೀರಿಕೊಂಡರು. ಮಗ್ಗದ ಮೇಲೆ ಈಗ ಒಂದು ಹಸಿರು ಸೀರೆ ಅರ್ಧಕ್ಕೆ ಬಂದಿದೆ. ಅಂಚು ನೆಟ್ಟಗೆ ಕೂತಿದೆ.