ಇನ್ನೊಮ್ಮೆ ಮೇಡಂ

ಆಸ್ಪತ್ರೆಯ ಭಾಷಾಂತರ ವಿಭಾಗವೆಂದರೆ ವೈದ್ಯರ ಇಂಗ್ಲಿಷಿಗೂ ರೋಗಿಗಳ ಆತಂಕಕ್ಕೂ ನಡುವೆ ಹಾಸಿದ ಹಲಗೆ. ಯೌವನದಿಂದ ನಿವೃತ್ತಿಯವರೆಗೆ ಅದರ ಮೇಲೆ ನಿಂತು, ಎಷ್ಟೋ ಮನೆಮಂದಿಯನ್ನು ಕೈಹಿಡಿದು ದಾಟಿಸಿದ ಹಿರಿಯರು ನಮ್ಮ ಮೇಡಂ. ವೈದ್ಯರು ಏನೇ ಹೇಳಲಿ, "ಡಾಕ್ಟ್ರೇ, ಇನ್ನೊಮ್ಮೆ ಹೇಳಿ" ಎಂದು ತಡೆಯುವುದು ಅವರ ಅಭ್ಯಾಸ. ಹಾಗಾಗಿ ವಾರ್ಡಿನವರಿಗೆಲ್ಲ ಅವರು 'ಇನ್ನೊಮ್ಮೆ ಮೇಡಂ'. ಈ ಅಡ್ಡಹೆಸರಿಗೆ ನಕ್ಕವರು ಬಹಳ, ಅದು ಬಂದ ದಾರಿ ಬಲ್ಲವರು ಕಡಿಮೆ.

ಕೆಲಸಕ್ಕೆ ಸೇರಿದಾಗ ಅವರು ಇಂಗ್ಲಿಷ್ ಎಂ.ಎ.ಯಲ್ಲಿ ಚಿನ್ನದ ಪದಕ ಪಡೆದವರು. ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಒಂದು ಬೆಳಿಗ್ಗೆ, ಬೆನ್ನಿಗೆ ಪೆಟ್ಟಾಗಿ ಮಲಗಿದ್ದ ಹುಡುಗಿಯೊಬ್ಬಳ ಹಾಸಿಗೆಯ ಬಳಿ ಸರ್ಜನ್ನರು ಹುಬ್ಬು ಗಂಟಿಕ್ಕಿ, ಅವಳು ನಡೆಯುವುದು 'ಎ ಲಾಂಗ್ ವೇ ಆಫ್' ಎಂದರು. ಬಹಳ ಕಾಲ ಬೇಕು, ಆದರೆ ಆಗುವ ಮಾತು ಎಂದರ್ಥ. 'ಎ ಲಾಂಗ್ ಶಾಟ್' ಎಂದಿದ್ದರೆ ಮಾತ್ರ ಆಗುವುದೇ ಅನುಮಾನ. ಈ ಎರಡರ ಅಂತರವನ್ನು ಮೇಡಂ ನಿದ್ದೆಗಣ್ಣಲ್ಲೂ ಹೇಳಬಲ್ಲವರಾಗಿದ್ದರು. ಆದರೂ ಸರ್ಜನ್ನರ ಮುಖ ನೋಡಿ ಮನಸ್ಸು ಅಳುಕಿತು: ಇವರು ಕಾಲ ಹಿಡಿಯುತ್ತದೆ ಎಂದರೋ, ಮೆತ್ತಗೆ ಕೈಚೆಲ್ಲಿದರೋ? ಕೇಳಿಬಿಟ್ಟಿದ್ದರೆ ಮುಗಿಯುತ್ತಿತ್ತು. ಪದಕದವಳು ಇಷ್ಟನ್ನೂ ಕೇಳುವುದೇ ಎಂಬ ಸಂಕೋಚ ಬಾಯಿ ಕಟ್ಟಿತು. ಮಾತನ್ನು ಬಿಟ್ಟು ಮುಖವನ್ನೇ ಭಾಷಾಂತರಿಸಿದರು.

"ನಡೆಯೋದು ಅನುಮಾನ ಅಂತಿದ್ದಾರೆ."

ಅಪ್ಪ ಮಗಳನ್ನು ಮನೆಗೆ ಕರೆದೊಯ್ದರು. ಆಗದ ಕಾಲಿಗೆ ಯಾಕೆ ಹಿಂಸೆಯೆಂದು, ಆಸ್ಪತ್ರೆಯಲ್ಲಿ ಕಲಿಸಿದ್ದ ವ್ಯಾಯಾಮ ನಿಲ್ಲಿಸಿದರು. ಅವಳ ಹೊಸ ಶೂಗಳನ್ನು ಪಕ್ಕದ ಮನೆಯ ಮಗುವಿಗೆ ಕೊಟ್ಟುಬಿಟ್ಟರು. ಮರುತಪಾಸಣೆಯ ದಿನ ಬಿಗಿದುಹೋದ ಬಲಗಾಲನ್ನು ಕಂಡು ಸರ್ಜನ್ನರು ಸಿಡುಕಿದರು. ವ್ಯಾಯಾಮ ಯಾಕೆ ಬಿಟ್ಟಿರೆಂಬ ಅವರ ಪ್ರಶ್ನೆಯನ್ನು ಅಪ್ಪನಿಗೆ ತಲುಪಿಸಬೇಕಾದವರೂ ಮೇಡಂ ಅವರೇ.

"ನೀವೇ ಹೇಳಿದ್ರಲ್ಲಮ್ಮಾ, ನಾವು ನಂಬಿದ್ವಿ" ಎಂದರು ಆ ಅಪ್ಪ.

ಅದರಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ತಡೆದುಕೊಳ್ಳಬಹುದಿತ್ತು. ಮೇಡಂ ನಾಚಿಕೆಯಿಂದ ಕುಗ್ಗಿಹೋದರು. ತಪ್ಪು ತಮ್ಮದೆಂದು ಎರಡೂ ಭಾಷೆಯಲ್ಲಿ ಹೇಳಿದರು. ಹುಡುಗಿ ಮುಂದೆ ನಡೆದಳು, ನಿಜ. ಬಲಗಾಲು ಎಳೆಯುವುದು ಮಾತ್ರ ಹೋಗಲಿಲ್ಲ. ಅವಳು ಆಸ್ಪತ್ರೆಗೆ ಬಂದಾಗಲೆಲ್ಲ ಮೇಡಂ ಕಂಬದ ಮರೆಗೆ ಸರಿಯುತ್ತಿದ್ದುದನ್ನು ಸಹೋದ್ಯೋಗಿಗಳಾದ ನಾವು ಕಂಡಿದ್ದೇವೆ.

ಅಂದಿನಿಂದ ಅವರು ಕೇಳುವ ಸಂಕೋಚವನ್ನು ಬಿಟ್ಟರು. ಊಟದ ಡಬ್ಬಿಯನ್ನು ಹಾಗೇ ಮುಚ್ಚಿಟ್ಟು ರೋಗಿಯ ಮನೆಯವರ ಪಕ್ಕ ಕುಳಿತು, ತಾವು ಹೇಳಿದ್ದನ್ನು ಅವರ ಬಾಯಿಂದಲೇ ತಿರುಗಿ ಹೇಳಿಸಿ, ಸರಿಯಿದೆಯೆಂದು ಖಚಿತವಾದ ಮೇಲೆಯೇ ಏಳುತ್ತಿದ್ದರು. ಹೊಸದಾಗಿ ಸೇರಿ ತಡವರಿಸುತ್ತಿದ್ದವರಿಗೆ, "ಕೇಳಿದ್ರೆ ಹೋಗೋದು ನಿಮ್ಮ ಮರ್ಯಾದೆ, ಕೇಳದಿದ್ರೆ ಹೋಗೋದು ಅವರ ಕಾಲು" ಎಂದು ಗದರಿ, ಆಮೇಲೆ ತಾವೇ ಜೊತೆಗೆ ಬಂದು ವೈದ್ಯರನ್ನು ಕೇಳುತ್ತಿದ್ದರು.

ಅವರ ಸನ್ಮಾನಕ್ಕೆಂದು ನಾವು ತರುತ್ತಿರುವ ಈ ಅಭಿನಂದನಾ ಸಂಪುಟದ ಸುದ್ದಿ ತಿಳಿದಾಗ, "ಮೊದ್ಲು ನನ್ನ ಆ ತಪ್ಪನ್ನ ಬರೀರಿ. ಇಲ್ಲಾಂದ್ರೆ ಹಾರ ನೀವೇ ಹಾಕ್ಕೊಳ್ಳಿ" ಎಂದರು. ಬರೆದಿದ್ದೇವೆ. ಸಮಾರಂಭಕ್ಕೆ, ಅಂದು ಬೆನ್ನಿಗೆ ಪೆಟ್ಟಾಗಿ ಮಲಗಿದ್ದ ಆ ಮಗಳನ್ನೂ ಕರೆದೆವು, "ನೋಡ್ತೀನಿ" ಎಂದಿದ್ದಾಳೆ. ಅದನ್ನು ಕೇಳಿ ಮೇಡಂ, "ಬರಲ್ಲ ಅಂತ ಅರ್ಥ, ಬಿಡಿ" ಎಂದು ಮುಖ ತಿರುಗಿಸಿದರು. ಆ ಬೆಳಗಿನ ಬಳಿಕ, ಇನ್ನೊಮ್ಮೆ ಕೇಳದೆ ಅವರು ಅರ್ಥ ಹೇಳಿದ್ದು ಇದೊಂದೇ ಸಲ.

ಅವರ ಆಯುಸ್ಸು ಬೆಳೆಯಲಿ, ಆರೋಗ್ಯ ಗಟ್ಟಿಯಾಗಿರಲಿ, ಕಲಿಸುವ ಬಾಯಿಗೆ ಬಿಡುವು ಸಿಗದಿರಲಿ. ಅವರ ಶಿಷ್ಯರಾದ ನಾವು ಆ ಮಗಳನ್ನು ಇನ್ನೊಮ್ಮೆ ಕೇಳುತ್ತೇವೆ.