ಪುಸ್ತಕದ ಹೆಣ್ಣಿಗೊಂದು ಸೆರಗು

ನನ್ನ ಧಾರೆ ರವಿಕೆಯಲ್ಲಿ ಮಿಕ್ಕಿದ ಕೆಂಪು ರೇಷ್ಮೆ, ಹುಣಸೂರಿನ ದರ್ಜಿ ಸಾಹೇಬರ ಮನೆಯಲ್ಲಿ ಒಂದು ಪುಸ್ತಕಕ್ಕೆ ಹೊದಿಕೆಯಾಗಿತ್ತು. "ದರ್ಜಿ ಚೂರು ಉಳಿಸ್ಕೊಂಡವ್ನೆ, ಕೇಳಿ ಈಸ್ಕೊಂಡು ಬಾ" ಎಂದು ಅವ್ವ ನನ್ನನ್ನು ಅಟ್ಟಿದ್ದಳು. ಸಾಹೇಬರ ಹೆಂಡತಿ ಆಗಷ್ಟೇ ನಮಾಜು ಮುಗಿಸಿ ಆ ಬಟ್ಟೆಯನ್ನು ಮೆಲ್ಲಗೆ ಸರಿಸಿದರು. ತೆರೆದ ಪುಟದಲ್ಲಿ, ಬರೀ ಕಪ್ಪು ಶಾಯಿಯ ಗೆರೆಗಳಲ್ಲಿ, ತುರುಬು ಎತ್ತಿ ಕಟ್ಟಿ, ಉಬ್ಬು ತೋಳಿನ ಅಂಗಿ ತೊಟ್ಟ ಹೆಣ್ಣೊಬ್ಬಳು ನನ್ನನ್ನೇ ನೋಡುತ್ತಿದ್ದಳು. ಕಾಫಿ ತೋಟದ ದೊರೆಸಾನಿ ಊರು ಬಿಡುವಾಗ ಕೊಟ್ಟುಹೋದ, ಅಮೆರಿಕದ ಉಡುಪುಗಳ ಚಿತ್ರಪುಸ್ತಕವದು. ನಮ್ಮ ಬುಗ್ಗೆ ತೋಳಿನ ರವಿಕೆಗಳನ್ನೆಲ್ಲ ಸಾಹೇಬರು ಅದನ್ನು ನೋಡಿಯೇ ಹೊಲಿಯುತ್ತಿದ್ದರು.

"ನಮಾಜ್ ಮಾಡೋವಾಗ ಎದುರಿಗೆ ಮುಖ ಇರಬಾರ್ದು ಕಣವ್ವ" ಎಂದರು ಆಕೆ.

ಪುಸ್ತಕ ಮಡಚಿಟ್ಟರೆ ಸಾಲದೇ ಎಂದು ಕೇಳಿದೆ.

"ಮಡಚಿದ್ರೆ ಉಸಿರು ಕಟ್ಟಿದಂಗಾಯ್ತದೆ, ಪಾಪ. ಅದಕ್ಕೇ ಸೆರಗು ಹೊದಿಸ್ತೀನಿ. ನಿಂದು ಮದ್ವೆ ಬಟ್ಟೆ, ಅವಳಿಗೂ ಒಂಚೂರು ಇರ್ಲಿ ಅನ್ನಿಸ್ತು. ಕೇಳ್ದೆ ಇಟ್ಕೊಂಡೆ, ತಗೊಂಡೋಗು."

ನಾನು ಬರಿಗೈಲಿ ಬಂದು ಅವ್ವನಿಗೆ ನಡೆದದ್ದು ಹೇಳಿದೆ. ಮುಂದೆ ತಂಗಿಯ ಮದುವೆಗೆ ರೇಷ್ಮೆ ಕೊಳ್ಳುವಾಗ ಅವಳು ಅಂಗಡಿಯವರಿಗೆ ಹೇಳಿದಳು: "ಒಂದು ಗೇಣು ಜಾಸ್ತಿ ಹರೀರಿ. ದರ್ಜಿ ಮನೇಲಿ ಇನ್ನೊಬ್ಳು ಹೆಣ್ಮಗಳು ಅವ್ಳೆ."