ಬರಿಗೈಯ ಸಿದ್ದಾರೂಢ

"ಅವ್ವಾ, ಆ ಅಜ್ಜಾ ಯಾಕ ಗ್ಲೌಸ್ ಹಾಕ್ಕೊಳ್ಳೂದಿಲ್ಲ? ಅವನ ಕೈಯಾಗ ಹುಳಾ ಇರೂದಿಲ್ಲೇನು?"

ಖರಾಡಿಯ ಮನೆಗೆ ಮರಳುವ ರಿಕ್ಷಾದಲ್ಲಿ ಆರು ವರ್ಷದ ಇಂದೂ ಹೀಗೆ ಕೇಳಿದಾಗ ಮಾಧುರಿ ಅವಳ ಗಲ್ಲಕ್ಕೆ ಅಂಟಿದ ಪೇಢೆಯ ಚೂರು ಒರೆಸುತ್ತಿದ್ದಳು. ಅಂದು ಖಂಡೇನವಮಿ. ಮಾಧುರಿ ಕೆಲಸ ಮಾಡುವ ವೈರಸ್ ಪ್ರಯೋಗಾಲಯದಲ್ಲಿ ಯಂತ್ರಗಳಿಗೆಲ್ಲ ಪೂಜೆ. ಹೊರಕೋಣೆಯವರೆಗೆ ಮಕ್ಕಳಿಗೂ ಪ್ರವೇಶ.

"ಯಾವ ಅಜ್ಜಾ? ಏನ್ ಮಾಡ್ಲಿಕ್ಹತ್ತಿದ್ದಾ?"

"ದಪ್ಪ ಮೀಸಿ ಅಜ್ಜಾ. ಪೇಢೆ ತಿಂದಾ, ಕೈ ಪ್ಯಾಂಟಿಗೆ ಒರಸ್ಕೊಂಡಾ, ಆಮ್ಯಾಲ ಸಣ್ಣ ಸಣ್ಣ ಕೊಳವಿ ಡಬ್ಬ್ಯಾಗ ತುಂಬಿದಾ."

ಮಾಧುರಿಯ ಕೈ ಅಲ್ಲೇ ನಿಂತಿತು.

ದಪ್ಪ ಮೀಸೆಯವನೆಂದರೆ ಸಿದ್ದಾರೂಢ. ಇಂಡಿ ಕಡೆಯಿಂದ ಈ ಮರಾಠಿ ನಾಡಿಗೆ ಬಂದು ಇಪ್ಪತ್ತಾರು ವರ್ಷ ಪ್ರಯೋಗಾಲಯದ ಗಾಜು ತೊಳೆದವನು. ತೊಳೆದದ್ದಕ್ಕಿಂತ ಉಪದೇಶ ಮಾಡಿದ್ದೇ ಹೆಚ್ಚು. ಸಾಸವಡದ ತನ್ನ ಓಣಿಯಲ್ಲಿ ಅವನು ಸೈಂಟಿಸ್ಟ್. ಕೊರೊನಾ ಕಾಲದಲ್ಲಿ ಓಣಿಗೆಲ್ಲ ಕಷಾಯ ಕುಡಿಸಿ, ತಾನೇ ಎಲ್ಲರಿಗಿಂತ ಮೊದಲು ಹಾಸಿಗೆ ಹಿಡಿದಿದ್ದ. ಮಾಧುರಿಯ ಕೆಲಸವನ್ನಂತೂ ಅವನು ಕೆಲಸವೆಂದೇ ಲೆಕ್ಕಿಸುತ್ತಿರಲಿಲ್ಲ.

ವೈರಸ್ ಹೊಕ್ಕ ಮೊದಲ ತಾಸುಗಳಲ್ಲಿ, ಪ್ರತಿಕಾಯಗಳು ತಯಾರಾಗುವ ಎಷ್ಟೋ ಮೊದಲೇ, ಜೀವಕೋಶ ತಾನಾಗಿ ಕೂಗೆಬ್ಬಿಸುತ್ತದೆ. ಆ ಕೂಗಿನ ಹಿಂದೆ ಪ್ರೋಟೀನನ್ನೇ ತಯಾರಿಸದ ಒಂದು ಆರ್‌ಎನ್‌ಎ ಇದೆಯೆಂದು ಮಾಧುರಿಯ ಅನುಮಾನ. ಡೆಂಗಿ ಹೊಕ್ಕ ಕೋಶಗಳಿಂದ ಎರಡನೆಯ, ನಾಲ್ಕನೆಯ, ಆರನೆಯ ತಾಸಿಗೆ ಅದನ್ನು ತೆಗೆದು ಅಳೆಯಬೇಕಿತ್ತು.

"ಪ್ರೋಟೀನ್ ಮಾಡೂದಿಲ್ಲಂದ್ರ ಅದು ಎದಕ್ಕ ಬೇಕು ತಂಗಿ?" ಎಂದಿದ್ದ ಸಿದ್ದಾರೂಢ. "ನಮ್ಮ ಅಳಿಯಾ ಕಿಶೋರ ಇದ್ದಂಗ. ಉಣ್ತಾನ, ಮಕ್ಕೋತಾನ. ಕೇಳಿದ್ರ, ‘ಮಾವಾ, ಮನಿ ಕಾಯ್ತೀನಿ’ ಅಂತಾನ."

ಐದು ತಿಂಗಳಿಂದ ಆರ್‌ಎನ್‌ಎ ಪ್ರತಿ ಸಲವೂ ಪುಡಿಪುಡಿಯಾಗುತ್ತಿತ್ತು. ಪರೀಕ್ಷೆಯ ಜೆಲ್ ಮೇಲೆ ಎರಡು ಸ್ಪಷ್ಟ ಗೆರೆ ಮೂಡಬೇಕಾದಲ್ಲಿ ಒರೆಸಿದ ಕಾಡಿಗೆಯಂಥ ಕಲೆ. ಮಾಧುರಿ ಐಸ್ ಬದಲಿಸಿದಳು, ರಾಸಾಯನಿಕ ಬದಲಿಸಿದಳು, ಕೊನೆಗೆ ತನ್ನ ಕೈಗಳನ್ನೇ ಶಂಕಿಸಿದಳು. "ಲಕ್ಷ್ಯ ಮನೆಯಲ್ಲೇ ಇರುತ್ತದೆ ನಿಮ್ಮದು," ಎಂದು ನಿರ್ದೇಶಕರು ಚುಚ್ಚಿದ್ದರು. ನವೆಂಬರ್ ಕೊನೆಗೆ ವರದಿ. ಗೆರೆ ಕಾಣದಿದ್ದರೆ ಯೋಜನೆಯೂ ಇಲ್ಲ, ಅವಳ ನೌಕರಿಯೂ ಇಲ್ಲ. ಹನಿ ಅಳೆಯುವ ಪಿಪೆಟ್ಟಿನ ತುದಿಗೆ ಸಿಕ್ಕಿಸುವ ಆ ಪ್ಲಾಸ್ಟಿಕ್ ಕೊಳವೆಗಳ, ಟಿಪ್ಸ್‌ಗಳ, ಮೇಲೆ ಮಾತ್ರ ಸಂಶಯ ಬಂದಿರಲಿಲ್ಲ. ನಿರ್ದೇಶಕ ಸಾಹೇಬರು ಹಾದುಹೋದಾಗಲೆಲ್ಲ ಸಿದ್ದಾರೂಢನ ಕೈಗೆ ಗ್ಲೌಸ್ ಇರುತ್ತಿತ್ತು.

ದಸರಾ ರಜೆ ಮುಗಿದ ದಿನವೇ ಅವನೆದುರು ನಿಂತಳು. "ಟಿಪ್ಸ್ ತುಂಬುವಾಗ ಗ್ಲೌಸ್ ಯಾಕ ಹಾಕ್ಕೊಳ್ಳೂದಿಲ್ರಿ?"

"ಜಾರ್ತಾವ." ಹಬೆಯಲ್ಲಿ ಬೇಯಿಸಿ ಶುದ್ಧಮಾಡುವ ಯಂತ್ರದತ್ತ ಮೀಸೆ ತಿರುಗಿಸಿದ. "ಆಮ್ಯಾಲ ಕುಕ್ಕರಿನ್ಯಾಗ ಬೇಯ್ತಾವಲ್ಲ ತಂಗಿ, ಯಾವ ಹುಳಾ ಉಳೀತದ?" ಅಂಗೈ ಎತ್ತಿ ತೋರಿಸಿ ಮರಾಠಿಯಲ್ಲಿ ಸೇರಿಸಿದ: "ದೇವಾಚಾ ಹಾತ್!" ದೇವರ ಕೈಯಂತೆ!

"ಹುಳಾ ಸಾಯ್ತದ್ರಿ. ನಿಮ್ಮ ಬೆವರಿನಾಗ ಆರ್‌ಎನ್‌ಎ ಕತ್ತರಿಸೋ ಕಿಣ್ವ ಅದ, ಅದು ಯಾವ ಕುಕ್ಕರಿಗೂ ಜಗ್ಗೂದಿಲ್ಲ. ಐದು ತಿಂಗಳ ನನ್ನ ಕೆಲಸ ತಿಂದದ ಅದು."

ಅವನಿಗೆ ನಾಚಿಕೆಯಾಗಬೇಕಿತ್ತು. ಅವನು ಅಂಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ. "ನನ್ನ ಬೆವರಿಗೆ ಅಷ್ಟು ತಾಕತ್ತೇನು!"

ಇಪ್ಪತ್ತಾರು ವರ್ಷ ವಿಜ್ಞಾನದ ಪಕ್ಕದಲ್ಲಿ ನಿಂತವನು ಕಲಿತದ್ದು ಇಷ್ಟು. ಮಾಧುರಿ ಅವನು ತುಂಬಿದ ನಲವತ್ತು ಡಬ್ಬಿಗಳನ್ನು ಕಸಕ್ಕೆ ಸುರಿದಳು, ಹೊಸ ಕೊಳವೆಗಳನ್ನು ತಾನೇ ತುಂಬಿದಳು.

ವರದಿಗೆ ಎಂಟು ದಿನವಿರುವಾಗ ಜೆಲ್ ಮೇಲೆ ಎರಡು ಗೆರೆ ಮೂಡಿದವು, ಬೈತಲೆ ತೆಗೆದಷ್ಟು ನೇರ. ನಾಲ್ಕನೆಯ ತಾಸಿಗೇ ಆ ಆರ್‌ಎನ್‌ಎ ಹನ್ನೆರಡು ಪಟ್ಟು ಏರಿತ್ತು. ಅದನ್ನು ಬೇಕೆಂದೇ ತಡೆದ ಕೋಶಗಳಲ್ಲಿ ವೈರಸ್ಸಿಗೆ ಹಬ್ಬವೋ ಹಬ್ಬ. ಯೋಜನೆ ಇನ್ನೆರಡು ವರ್ಷ ಮುಂದುವರಿಯಿತು. ಮಾರ್ಚಿಗೆ ನಿವೃತ್ತನಾಗುವ ಸಿದ್ದಾರೂಢನ ಜಾಗಕ್ಕೆ ಯಾರು ಬೇಕೆಂದು ನಿರ್ದೇಶಕರು ಮಾಧುರಿಯನ್ನೇ ಕೇಳಿದರು.

ಆ ಸುದ್ದಿ ತಲುಪಿದ ಮಧ್ಯಾಹ್ನ ಸಿದ್ದಾರೂಢ ಅವಳ ಮೇಜಿನ ಬಳಿ ಬಂದ. ಎರಡೂ ಕೈಗೆ ಗ್ಲೌಸ್. ಸಾಹೇಬರು ಊರಲ್ಲೇ ಇರಲಿಲ್ಲ.

"ಮೇಡಂನವರ," ಎಂದ, ಮೊದಲ ಸಲ. "ಆ ನಿಮ್ಮ ಆರ್‌ಎನ್‌ಎ ಕೆಲಸಕ್ಕ ಬರ್ತದಂತಲ್ರಿ?"

"ಬರ್ತದ."

"ಹಂಗಾದ್ರ ಸಾಹೇಬ್ರಿಗೆ ಒಂದು ಮಾತು ಹೇಳ್ರಿ. ನನ್ನ ಜಾಗಾಕ್ಕ ನಮ್ಮ ಕಿಶೋರನ್ನ ತಗೋಳ್ರಿ. ಮನಿ ಕಾಯ್ದ ಅನುಭವ ಭಾಳ ಅದ ಅವಗ."